ಬೀಳುವವರಿಗಾಗಿ ಹೆಣೆದ ಬಲೆ

ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ, ಸಾನ್ ಫ್ರಾನ್ಸಿಸ್ಕೋ ನಗರದ ಅಂಚಿನಲ್ಲಿ, ಶಾಂತಸಾಗರವು ಬೆಟ್ಟಗಳನ್ನು ಸೀಳಿಕೊಂಡು ಒಳನಾಡಿಗೆ ನುಗ್ಗುವ ಎಡೆಯೊಂದುಂಟು. ಅಗಲ ಒಂದು ಮೈಲಿಯಷ್ಟು. ಹೆಸರು ಗೋಲ್ಡನ್ ಗೇಟ್, ಎಂದರೆ ಹೊನ್ನಿನ ಹೆಬ್ಬಾಗಿಲು. ಆ ಜಲಸಂಧಿಯ ಮೇಲೆ ತೂಗಿ ನಿಂತಿರುವ ಕೆಂಗಿತ್ತಳೆ ಬಣ್ಣದ ಸೇತುವೆಯ ಚಿತ್ರವನ್ನು ಕ್ಯಾಲೆಂಡರಿನ ಹಾಳೆಯ ಮೇಲೋ ಚಲನಚಿತ್ರದ ತೆರೆಯ ಮೇಲೋ ಕಾಣದವರು ವಿರಳ. ಅದರ ಎರಡು ಗೋಪುರಗಳು ನೀರಿನಿಂದ 746 ಅಡಿ ಎತ್ತರ ಏರಿವೆ. ಗೋಪುರದಿಂದ ಗೋಪುರಕ್ಕೆ ಇರುವ ಅಂತರ 4,200 ಅಡಿ. 1937ರಲ್ಲಿ ಅದು ತೆರೆದಾಗ ಲೋಕದಲ್ಲಿ ಅಷ್ಟು ಉದ್ದದ ತೂಗುಸೇತುವೆ ಬೇರೊಂದಿರಲಿಲ್ಲ. ಈ ಸಂಗತಿಗಳೆಲ್ಲ ಪ್ರವಾಸಿಗರ ಕೈಪಿಡಿಯಲ್ಲಿ ಸಿಗುತ್ತವೆ. ಕೈಪಿಡಿಯ ಚಿತ್ರದಲ್ಲಿ ಕಾಣದೆ ಹೋದ ವಸ್ತುವೊಂದು ಆ ಸೇತುವೆಗೆ ಕೆಲವು ತಿಂಗಳ ಕಾಲ ಇದ್ದಿತು. ಸೇತುವೆಯ ಹೊಟ್ಟೆಯ ಕೆಳಗೆ ಉದ್ದಕ್ಕೂ ತೊಟ್ಟಿಲಿನಂತೆ ಇಳಿಬಿದ್ದಿದ್ದ ಹಗ್ಗದ ಬಲೆ ಅದು. ಮೀನು ಹಿಡಿಯಲೆಂದು ಹೆಣೆದ ಬಲೆಯಲ್ಲ. ಮನುಷ್ಯರನ್ನು ಹಿಡಿಯಲೆಂದು ಹೆಣೆದುದು.

ಆ ಬಲೆ ಏಕೆ ಬೇಕಾಯಿತೆಂಬುದನ್ನು ತಿಳಿಯಬೇಕಾದರೆ ಅಂದಿನ ಸೇತುವೆ ಕಟ್ಟುವವರ ನಡುವೆ ಬಳಕೆಯಲ್ಲಿದ್ದ ಒಂದು ಲೆಕ್ಕಾಚಾರವನ್ನು ತಿಳಿದಿರಬೇಕು. ಹತ್ತು ಲಕ್ಷ ಡಾಲರು ಖರ್ಚಿಗೆ ಒಂದು ಪ್ರಾಣ. ಉಕ್ಕಿಗೆ ಇಷ್ಟು, ಸಿಮೆಂಟಿಗೆ ಇಷ್ಟು, ಕೂಲಿಗೆ ಇಷ್ಟು ಎಂದು ಅಂದಾಜುಪಟ್ಟಿ ಬರೆಯುವಂತೆಯೇ ಸಾವಿಗೆ ಇಷ್ಟು ಎಂದು ಮನಸ್ಸಿನೊಳಗೆ ಬರೆದುಕೊಳ್ಳುವ ಪದ್ಧತಿ. ಯಾರೂ ಅದನ್ನು ಕ್ರೌರ್ಯವೆಂದು ಭಾವಿಸಿರಲಿಲ್ಲ. ಮಳೆಗಾಲದಲ್ಲಿ ಹೊಳೆ ಉಕ್ಕುವುದನ್ನು ಒಪ್ಪಿಕೊಳ್ಳುವಂತೆ ಒಪ್ಪಿಕೊಂಡಿದ್ದರು. ಗೋಲ್ಡನ್ ಗೇಟ್ ಸೇತುವೆಗೆ ಗೊತ್ತುಮಾಡಿದ್ದ ಹಣ 3 ಕೋಟಿ 50 ಲಕ್ಷ ಡಾಲರು. ಲೆಕ್ಕದ ಪ್ರಕಾರ 35 ಮನೆಗಳ ದೀಪ ಆರಬೇಕಾಗಿದ್ದಿತು.

ಸೇತುವೆಯ ಮುಖ್ಯ ಎಂಜಿನಿಯರ್ ಜೋಸೆಫ್ ಸ್ಟ್ರೌಸ್ ಈ ಲೆಕ್ಕವನ್ನು ಒಪ್ಪಲಿಲ್ಲ. ಆತ ದೋಷವಿಲ್ಲದ ಮಹಾಪುರುಷನೇನೂ ಅಲ್ಲ. ಸೇತುವೆಯ ಗಣಿತದ ಬಹುಭಾಗವನ್ನು ತಿಂಗಳುಗಟ್ಟಲೆ ಕುಳಿತು ಮಾಡಿದ ಚಾರ್ಲ್ಸ್ ಎಲ್ಲಿಸ್ ಎಂಬ ವಿದ್ವಾಂಸನನ್ನು ಕೆಲಸದಿಂದ ತೆಗೆದು, ಆತನ ಹೆಸರು ಎಲ್ಲಿಯೂ ಕಾಣದಂತೆ ಮಾಡಿದ ಅಪಕೀರ್ತಿ ಸ್ಟ್ರೌಸ್‌ಗೆ ಅಂಟಿಕೊಂಡಿದೆ. ಎಲ್ಲಿಸ್‌ಗೆ ನ್ಯಾಯ ದೊರೆತುದು ಹಲವು ದಶಕಗಳ ತರುವಾಯ. ಆದರೆ ಕಾರ್ಮಿಕರ ಪ್ರಾಣದ ವಿಷಯದಲ್ಲಿ ಸ್ಟ್ರೌಸ್ ತೋರಿದ ಹಟ ನಿಜವಾದುದು, ಅದರ ಫಲವೂ ನಿಜವಾದುದು. ಆದುದರಿಂದ ಆತನಿಗೆ ಸಲ್ಲಬೇಕಾದುದನ್ನು ಸಲ್ಲಿಸಲೇಬೇಕು.

1933ರ ಜನವರಿ 5ರಂದು ಕೆಲಸ ಆರಂಭವಾಯಿತು. ಆರ್ಥಿಕ ಮುಗ್ಗಟ್ಟಿನ ಕಾಲ. ಕೆಲಸವಿಲ್ಲದ ಗಂಡಸರು ಊರೂರು ಅಲೆಯುತ್ತಿದ್ದರು. ಅಂಥ ದಿನಗಳಲ್ಲಿ ಬೇಸಾಯಗಾರರು, ಗುಮಾಸ್ತರು, ಬಾಡಿಗೆ ಕಾರಿನ ಚಾಲಕರು ಕೂಡ ತಾವು ಹುಟ್ಟಿನಿಂದ ಉಕ್ಕಿನ ತೊಲೆಗಳ ಮೇಲೆ ನಡೆದವರೆಂದು ಹೇಳಿಕೊಂಡು ಕೆಲಸಕ್ಕೆ ಬರುವುದು ಸಹಜವೇ. ಹಸಿದವನು ಎತ್ತರಕ್ಕೆ ಹೆದರುವುದಿಲ್ಲ. ಅಥವಾ ಹೆದರಿದರೂ ಹೇಳುವುದಿಲ್ಲ. ಇಂಥವರನ್ನು ಕಟ್ಟಿಕೊಂಡು, ಕಡಲಿನ ಮಂಜು ಮುಸುಕಿ ತೊಲೆಗಳು ಎಣ್ಣೆ ಸವರಿದಂತೆ ಜಾರುವ ಜಾಗದಲ್ಲಿ, ಬೀಸುಗಾಳಿ ಎಡೆಬಿಡದೆ ತಳ್ಳುವ ಎತ್ತರದಲ್ಲಿ ಕೆಲಸ ಮಾಡಿಸಬೇಕು.

ಮೊದಲ ಏರ್ಪಾಡು ತಲೆಗೆ. ಸಾನ್ ಫ್ರಾನ್ಸಿಸ್ಕೋದಲ್ಲಿ ಎಡ್ವರ್ಡ್ ಬುಲ್ಲಾರ್ಡ್ ಎಂಬಾತ ಗಣಿಗಾರರಿಗೆ ಗಟ್ಟಿ ಟೋಪಿಗಳನ್ನು ತಯಾರಿಸುತ್ತಿದ್ದನು. ಅದನ್ನು ಸೇತುವೆಯ ಕೆಲಸಕ್ಕೆ ಒಗ್ಗುವಂತೆ ಮಾರ್ಪಡಿಸಿ, ಕೆಲಸದ ಆವರಣದೊಳಗೆ ಕಾಲಿಡುವ ಪ್ರತಿಯೊಬ್ಬನೂ ಅದನ್ನು ಧರಿಸಲೇಬೇಕೆಂದು ವಿಧಿಸಿದರು. ಇಂದು ಹಳದಿ ಹೆಲ್ಮೆಟ್ಟಿಲ್ಲದ ಕಟ್ಟಡ ಕೆಲಸದ ಚಿತ್ರವನ್ನೇ ಮಕ್ಕಳು ಬರೆಯಲಾರರು. ಆದರೆ ಅಂದು ಅದು ಹೊಸತು. ಕಡಲಿನ ನೀರಿನ ಮೇಲೆ ಕುಣಿಯುವ ಬಿಸಿಲಿನ ಝಳಪು ಕಣ್ಣು ಕುಕ್ಕದಂತೆ ಬಣ್ಣದ ಕನ್ನಡಕಗಳು ಬಂದವು. ಗಾಳಿಗೆ ಮುಖ ಕೈಗಳು ಬಿರಿಯದಂತೆ ಮುಲಾಮು ಬಂದಿತು. ಸೊಂಟಕ್ಕೆ ಪಟ್ಟಿ ಬಿಗಿದು ಹಗ್ಗವನ್ನು ತೊಲೆಗೆ ಕಟ್ಟಿಕೊಳ್ಳಬೇಕೆಂಬ ನಿಯಮ ಬಂದಿತು. ತಲೆಸುತ್ತು ಬಾರದಿರಲೆಂದು ಪಥ್ಯದ ಊಟವನ್ನು ಕೂಡ ಗೊತ್ತುಮಾಡಿದ್ದರಂತೆ. ಹಿಂದಿನ ರಾತ್ರಿ ಕುಡಿದು ಬಂದವರಿಗೆ ಹುಳಿಬರಿಸಿದ ಎಲೆಕೋಸಿನ ರಸವನ್ನು ಕುಡಿಸುತ್ತಿದ್ದರೆಂಬುದು ಅಲ್ಲಿನ ಇತಿಹಾಸದಲ್ಲಿ ಸೇರಿಹೋಗಿರುವ ಸ್ವಾರಸ್ಯ. ಎತ್ತರದಲ್ಲಿ ಕೋತಿಚೇಷ್ಟೆ ಮಾಡಿ ಗೆಳೆಯರ ಮುಂದೆ ಧೈರ್ಯ ಮೆರೆಯಹೋದವನಿಗೆ ಮಾತ್ರ ಯಾವ ರಸವೂ ಇಲ್ಲ. ಅಂದೇ ಕೆಲಸದಿಂದ ವಜಾ.

ಈ ಕಡೆಯ ನಿಯಮದ ಮಹತ್ವ ಮೇಲ್ನೋಟಕ್ಕೆ ಹೊಳೆಯುವುದಿಲ್ಲ. ಎತ್ತರದಲ್ಲಿ ದುಡಿಯುವವರ ಸಮಾಜದಲ್ಲಿ ಧೈರ್ಯವೇ ಮಾನ. ಹಗ್ಗ ಕಟ್ಟಿಕೊಂಡವನು ಪುಕ್ಕಲನೆಂದು ನಗೆಪಾಟಲಾಗುತ್ತಾನೆ. ನಗೆಪಾಟಲಾಗುವುದಕ್ಕಿಂತ ಬೀಳುವ ಸಂಭವವೇ ಲೇಸೆಂದು ಹರೆಯದವರಿಗೆ ತೋರುತ್ತದೆ. ಆಜ್ಞೆ ಮೇಲಿನಿಂದ ಬಂದು ಎಲ್ಲರಿಗೂ ಒಂದೇ ಆದಾಗ ಮಾತ್ರ ಆ ನಾಚಿಕೆ ಹರಿದುಹೋಗುತ್ತದೆ.

ಬಲೆ ಬಂದುದು 1936ರಲ್ಲಿ. ಗೋಪುರಗಳು ಎದ್ದು, ಮೂರಡಿಗೂ ಮಿಗಿಲಾದ ದಪ್ಪದ ಎರಡು ಹಿರಿಯ ಕೇಬಲ್‌ಗಳನ್ನು ನೂತು ಮುಗಿಸಿದ ಮೇಲೆ, ರಸ್ತೆಯನ್ನು ಹೊರುವ ಉಕ್ಕಿನ ಚೌಕಟ್ಟನ್ನು ಎರಡೂ ಗೋಪುರಗಳಿಂದ ಗಾಳಿಯೊಳಕ್ಕೆ ಚಾಚುತ್ತ ಹೋಗುವ ಕೆಲಸ ಮೊದಲಾಯಿತು. ಅದೇ ಎಲ್ಲಕ್ಕಿಂತ ಅಪಾಯದ ಘಟ್ಟ. ಕೆಳಗೆ 220 ಅಡಿಯ ಪಾತಾಳ. ಅಲ್ಲಿಂದ ಬಿದ್ದವನು ನಾಲ್ಕು ಸೆಕೆಂಡಿನೊಳಗೆ ನೀರನ್ನು ಮುಟ್ಟುತ್ತಾನೆ. ಮುಟ್ಟುವಾಗ ಅವನ ವೇಗ ಗಂಟೆಗೆ 75 ಮೈಲಿಯ ಆಸುಪಾಸು. ಆ ವೇಗಕ್ಕೆ ನೀರು ನೀರಾಗಿ ಉಳಿಯುವುದಿಲ್ಲ, ಬಂಡೆಯಾಗುತ್ತದೆ.

ಬಲೆಯ ಹಗ್ಗ ಮನಿಲಾ ನಾರಿನದು. ದಪ್ಪ ಅಂಗುಲದ ಎಂಟರಲ್ಲಿ ಮೂರು ಪಾಲು. ಕಣ್ಣಿನ ಅಗಲ ಆರು ಅಂಗುಲ. ಸರ್ಕಸ್ಸಿನಲ್ಲಿ ಉಯ್ಯಾಲೆಯಾಡುವವರ ಕೆಳಗೆ ಕಟ್ಟುವ ಬಲೆಯ ದಾಯಾದಿಯೆನ್ನಬಹುದು. ಆದರೆ ಅದನ್ನು ಕಟ್ಟಿದ ಬಗೆಯಲ್ಲಿ ಯೋಚನೆ ಇದ್ದಿತು. ಸೇತುವೆಯ ಅಗಲಕ್ಕೆ ಸರಿಯಾಗಿ ನಿಲ್ಲಿಸದೆ ಎರಡು ಪಕ್ಕಕ್ಕೂ ಹತ್ತತ್ತು ಅಡಿ ಹೊರಕ್ಕೆ ಚಾಚಿದ್ದರು. ಮುಂದಕ್ಕೆ, ಇನ್ನೂ ಉಕ್ಕು ಬಾರದ ಬರಿಯ ಗಾಳಿಯೊಳಕ್ಕೆ, ಹದಿನೈದು ಅಡಿ ಚಾಚಿದ್ದರು. ಮನುಷ್ಯನು ಬೀಳುವುದು ಗುಂಡುಕಲ್ಲಿನಂತೆ ನೆಟ್ಟಗಲ್ಲ. ನಡೆಯುತ್ತಿದ್ದವನು ಎಡವಿದರೆ ನಡೆಯುತ್ತಿದ್ದ ದಿಕ್ಕಿಗೇ ಹಾರಿ ಬೀಳುತ್ತಾನೆ. ತೊಲೆ ತಾಕಿದವನು ಪಕ್ಕಕ್ಕೆ ಸಿಡಿಯುತ್ತಾನೆ. ಗಾಳಿ ಇನ್ನಷ್ಟು ದೂರ ತಳ್ಳುತ್ತದೆ. ಬೀಳುವವನು ಎಲ್ಲಿ ಬಿದ್ದಾನೆಂಬುದನ್ನು ಅವನು ಬೀಳುವ ಮೊದಲೇ ಯಾರೋ ಕಾಗದದ ಮೇಲೆ ಗೆರೆ ಎಳೆದು ನೋಡಿದ್ದರು. ಕೆಲಸ ಮುಂದುವರಿದಂತೆ ಬಲೆಯೂ ಮುಂದುವರಿಯಿತು.

ಬಲೆಗೆ ತಗುಲಿದ ವೆಚ್ಚ ಸುಮಾರು 1,30,000 ಡಾಲರು. ಅಂದಿನ ದಿನಕ್ಕೆ ಅದು ಕಣ್ಣರಳಿಸುವಂಥ ಮೊತ್ತ. ಆದರೆ ಒಟ್ಟು ಖರ್ಚಿನೊಡನೆ ಇಟ್ಟು ನೋಡಿದರೆ ನೂರು ಡಾಲರಿಗೆ ನಲವತ್ತು ಸೆಂಟು ಕೂಡ ಬೀಳುವುದಿಲ್ಲ. ಮನೆ ಕಟ್ಟಿಸುವವರ ಭಾಷೆಯಲ್ಲಿ ಹೇಳುವುದಾದರೆ, ಐವತ್ತು ಲಕ್ಷದ ಮನೆಗೆ ಇಪ್ಪತ್ತು ಸಾವಿರ ರೂಪಾಯಿಗಿಂತ ಕಡಿಮೆ. ಅಷ್ಟಕ್ಕೆ ದೊರೆತ ಲಾಭವೇನು? ಬಲೆ ಕಟ್ಟಿದ ಮೇಲೆ ಕೆಲಸಗಾರರ ಕೈ ಚುರುಕಾಯಿತು. ಕಾಲ ಕೆಳಗೆ ಪಾತಾಳ ಕಾಣುವವನು ಅರ್ಧ ಗಮನವನ್ನು ತನ್ನ ಕಾಲಿಗೆ ಕೊಡುತ್ತಾನೆ. ಬಲೆ ಕಾಣುವವನು ಕೆಲಸಕ್ಕೆ ಕೊಡುತ್ತಾನೆ. ಮೋಜಿಗೆಂದೇ ಬಲೆಗೆ ಹಾರುವವರು ಹುಟ್ಟಿಕೊಂಡು, ಅವರನ್ನು ಕೆಲಸದಿಂದ ತೆಗೆಯುವ ಬೆದರಿಕೆ ಹಾಕಬೇಕಾಯಿತೆಂದೂ ಹೇಳುತ್ತಾರೆ.

ಮೋಜಿಗಲ್ಲದೆ ನಿಜವಾಗಿಯೇ ಬಿದ್ದು ಬಲೆಯಿಂದ ಉಳಿದವರು ಹತ್ತೊಂಬತ್ತು ಮಂದಿ. ಅವರು ತಮ್ಮತಮ್ಮೊಳಗೆ ಒಂದು ಸಂಘವನ್ನೇ ಮಾಡಿಕೊಂಡರು. ಹೆಸರು 'ನರಕದ ಅರ್ಧದಾರಿಯ ಕ್ಲಬ್ಬು'. ನರಕಕ್ಕೆ ಹೊರಟು ಅರ್ಧದಾರಿಯಿಂದ ಮರಳಿದವರಿಗಷ್ಟೇ ಸದಸ್ಯತ್ವ, ಚಂದಾ ಇಲ್ಲ.

ಬಂಡೆಯ ಪಾಠ

ಈ ಕ್ಲಬ್ಬಿನ ಸದಸ್ಯರಲ್ಲೊಬ್ಬ ಆಲ್‌ಫ್ರೆಡ್ ಜಾಂಪಾ. ಇಟಲಿಯಿಂದ ವಲಸೆ ಬಂದವರ ಮಗ. ಅಷ್ಟು ಹೊತ್ತಿಗಾಗಲೇ ಹಲವು ಸೇತುವೆಗಳನ್ನು ಕಟ್ಟಿ ನುರಿತ ಉಕ್ಕಿನಾಳು. 1936ರ ಅಕ್ಟೋಬರಿನಲ್ಲಿ, ಸೇತುವೆಯ ಉತ್ತರದ ದಡದ ಬಳಿ, ಒದ್ದೆಯಾದ ಉಕ್ಕಿನ ಮೇಲೆ ಕಾಲು ಜಾರಿ ಬಿದ್ದನು. ಬಲೆ ಹಿಡಿಯಿತು. ಹಿಡಿದು, ಅವನ ಭಾರಕ್ಕೆ ಬಾಗಿ, ಬಾಗಿ, ಕೆಳಗಿದ್ದ ಬಂಡೆಗೆ ಅವನನ್ನು ಅಪ್ಪಳಿಸಿತು. ಬೆನ್ನುಮೂಳೆಯ ನಾಲ್ಕು ಮಣಿಗಳು ಮುರಿದವು. ಇನ್ನು ನಡೆಯುವುದೇ ಕಷ್ಟವೆಂದು ಭಾವಿಸಿದ್ದ ಆತ ಚೇತರಿಸಿಕೊಂಡು ಮತ್ತೆ ಉಕ್ಕಿನ ತೊಲೆಗಳನ್ನೇರಿ ದಶಕಗಳ ಕಾಲ ದುಡಿದನು. 2000ದಲ್ಲಿ, 95ನೆಯ ವಯಸ್ಸಿನಲ್ಲಿ ತೀರಿಕೊಂಡನು. ಮೂರು ವರ್ಷದ ಅನಂತರ ಅದೇ ಸೀಮೆಯಲ್ಲಿ ತೆರೆದ ಇನ್ನೊಂದು ತೂಗುಸೇತುವೆಗೆ ಆತನ ಹೆಸರನ್ನಿಟ್ಟರು. ಮಂತ್ರಿಯ ಹೆಸರನ್ನಲ್ಲ, ದಳಪತಿಯ ಹೆಸರನ್ನಲ್ಲ, ಕೂಲಿಯಾಳಿನ ಹೆಸರನ್ನು! ಸೇತುವೆಗಳ ಲೋಕದಲ್ಲಿ ಇಂಥ ಉದಾಹರಣೆ ಅಪರೂಪ.

ಜಾಂಪಾನ ಬೆನ್ನು ಕಲಿಸಿದ ಪಾಠವೊಂದುಂಟು. ಬಲೆಯಿದ್ದರೆ ಸಾಲದು, ಬಲೆಯ ಕೆಳಗೆ ಎಡೆಯಿರಬೇಕು. ಹಗ್ಗಕ್ಕೂ ಇದೇ ಮಾತು. ಇಂದಿನ ಕೆಲಸಗಾರನು ಎದೆ, ಹೆಗಲು, ತೊಡೆಗಳನ್ನೆಲ್ಲ ಬಳಸಿ ಬರುವ ಹಾರ್ನೆಸ್ ಎಂಬ ಪಟ್ಟಿಯನ್ನು ತೊಡುತ್ತಾನೆ. ಅದರ ಬೆನ್ನಿನ ಕೊಂಡಿಗೆ ಸುಮಾರು ಆರಡಿಯ ಹಗ್ಗ. ಹಗ್ಗದ ಇನ್ನೊಂದು ತುದಿ ಗಟ್ಟಿಯಾದ ಆಧಾರಕ್ಕೆ. ಬಿದ್ದರೆ ಹಗ್ಗ ಆರಡಿಗೆ ಬಿಗಿಯುತ್ತದೆ. ಆಮೇಲೆ ಹಗ್ಗದಲ್ಲಿ ಮಡಿಸಿ ಹೊಲಿದಿರುವ ಪಟ್ಟಿ ಬಿಚ್ಚಿಕೊಳ್ಳುತ್ತ ಪೆಟ್ಟನ್ನು ನುಂಗುತ್ತದೆ. ಅದಕ್ಕೆ ಮೂರೂವರೆ ಅಡಿ. ಬೆನ್ನಿನ ಕೊಂಡಿಯಿಂದ ಅಂಗಾಲಿನವರೆಗೆ ಮನುಷ್ಯನ ಮೈಯೇ ಐದು ಅಡಿ. ಅಲ್ಲಿಗೆ ಹದಿನಾಲ್ಕೂವರೆ ಅಡಿ ಆಯಿತು. ಮೇಲೆ ಮೂರಡಿಯನ್ನು ಕೈಗಾವಲಾಗಿ ಇಟ್ಟುಕೊಂಡರೆ, ಆಧಾರದ ಬಿಂದುವಿನಿಂದ ಕೆಳಗೆ ಹದಿನೇಳೂವರೆ ಅಡಿ ಬರಿದಾಗಿರಬೇಕು. ಹತ್ತಡಿ ಎತ್ತರದ ತಾರಸಿಯ ಅಂಚಿನಲ್ಲಿ ನಿಂತು, ಸೊಂಟದ ಎತ್ತರದ ಕಂಬಿಗೆ ಹಗ್ಗ ಕಟ್ಟಿಕೊಂಡವನಿಗೆ ದೊರೆಯುವುದು ಹದಿಮೂರೇ ಅಡಿ. ಹಗ್ಗ ಅವನನ್ನು ಹಿಡಿದು ನಿಲ್ಲಿಸುವ ಹೊತ್ತಿಗೆ ಕಾಲು ನೆಲವನ್ನು ಅಪ್ಪಳಿಸಿಯಾಗಿರುತ್ತದೆ. ನೋಡಿದವರಿಗೆ ಅವನು ಸುರಕ್ಷಿತನಾಗಿಯೇ ಕಾಣುತ್ತಿದ್ದನು!

ಪೆಟ್ಟನ್ನು ನುಂಗುವ ಆ ಮೂರೂವರೆ ಅಡಿ ಏಕೆ ಬೇಕೆಂದು ಕೇಳಬಹುದು. ಆರಡಿ ಬಿದ್ದವನನ್ನು ಅರ್ಧ ಅಡಿಯೊಳಗೆ ಗಕ್ಕನೆ ನಿಲ್ಲಿಸಿದರೆ, ಅವನ ಮೈಮೇಲೆ ಬೀಳುವ ಜಗ್ಗು ಅವನ ತೂಕದ ಹದಿಮೂರರಷ್ಟು. ಎಪ್ಪತ್ತು ಕಿಲೋ ತೂಗುವವನಿಗೆ ಒಂಬೈನೂರು ಕಿಲೋ. ಅದನ್ನೇ ಮೂರೂವರೆ ಅಡಿಗೆ ಹರಡಿದರೆ ಸರಾಸರಿ ಜಗ್ಗು ತೂಕದ ಮೂರರಷ್ಟಕ್ಕೂ ಕಡಿಮೆ. ಹಿಂದಿನ ಸೊಂಟಪಟ್ಟಿಯ ದೋಷ ಇಲ್ಲಿಯೇ ಇದ್ದಿತು. ಅದು ಬಿದ್ದವನನ್ನು ಹಿಡಿಯುತ್ತಿದ್ದಿತು. ಆದರೆ ಇಡೀ ಜಗ್ಗು ಹೊಟ್ಟೆಯ ಮೆತ್ತನೆಯ ಭಾಗಕ್ಕೆ ಬೀಳುತ್ತಿದ್ದಿತು, ಇಲ್ಲವೆ ಮೈ ತಲೆಕೆಳಗಾಗಿ ಪಟ್ಟಿಯಿಂದಲೇ ಜಾರುತ್ತಿದ್ದಿತು. ಅಮೆರಿಕದಲ್ಲಿ 1998ರ ಜನವರಿಯಿಂದ ಬೀಳುವವನನ್ನು ಹಿಡಿಯಲು ಬರಿಯ ಸೊಂಟಪಟ್ಟಿಯನ್ನು ಬಳಸಕೂಡದೆಂದು ವಿಧಿಸಿದರು.

ಫೆಬ್ರವರಿ 17

ಗೋಲ್ಡನ್ ಗೇಟ್ ಸೇತುವೆಯ ಕೆಲಸದಲ್ಲಿ ಸುಮಾರು ನಾಲ್ಕು ವರ್ಷ ಒಬ್ಬನೂ ಸಾಯಲಿಲ್ಲ. ಅದೇ ಊರಿನಲ್ಲಿ, ಅದೇ ವರ್ಷಗಳಲ್ಲಿ, ಓಕ್‌ಲೆಂಡಿಗೆ ಕಟ್ಟಿದ ಇನ್ನೊಂದು ಸೇತುವೆ ಇಪ್ಪತ್ತಕ್ಕಿಂತ ಹೆಚ್ಚು ಮಂದಿಯನ್ನು ಬಲಿ ತೆಗೆದುಕೊಂಡಿದ್ದಿತು. 1936ರ ಅಕ್ಟೋಬರ್ 21ರಂದು ಮೊದಲ ಸಾವು ಸಂಭವಿಸಿತು. ಆ ಕೆಲಸಗಾರನು ಬಿದ್ದುದಲ್ಲ. ಭಾರ ಎತ್ತುವ ಯಂತ್ರವು ಉರುಳಿ ಅವನ ಮೇಲೆ ಬಿದ್ದಿತು. ಆದರೂ ಮೂವತ್ತೈದರ ಲೆಕ್ಕದ ಮುಂದೆ ಒಂದು. ಸೇತುವೆ ಮುಗಿಯಲು ಕೆಲವೇ ತಿಂಗಳು ಉಳಿದಿದ್ದಿತು.

ರಸ್ತೆಗೆ ಕಾಂಕ್ರೀಟು ಸುರಿದು ಗಟ್ಟಿಯಾದ ಮೇಲೆ ಅದರ ತಳಕ್ಕೆ ಕಟ್ಟಿದ್ದ ಮರದ ಹಲಗೆಗಳನ್ನು ಕಿತ್ತು ತೆಗೆಯಬೇಕು. ಇದಕ್ಕಾಗಿ ಸೇತುವೆಯ ಹೊಟ್ಟೆಯ ಕೆಳಗೆ, ಬಲೆಯ ಮೇಲ್ಗಡೆ, ಚಕ್ರಗಳ ಮೇಲೆ ಉರುಳುವ ತೂಗುಅಟ್ಟಣೆಯೊಂದನ್ನು ಜೋಡಿಸಿದ್ದರು. ತೂಕ ಸುಮಾರು ಐದು ಟನ್ನು. 1937ರ ಫೆಬ್ರವರಿ 17ರ ಬೆಳಗ್ಗೆ ಅದರ ಒಂದು ಮೂಲೆಯ ಹಿಡಿತ ಕಳಚಿತು. ಅಟ್ಟಣೆ ಓರೆಯಾಯಿತು, ತೂಗಾಡಿತು, ಆಮೇಲೆ ಆಳುಗಳ ಸಮೇತ ಬಲೆಯ ಮೇಲೆ ಬಿದ್ದಿತು. ಒಂದು ಗಳಿಗೆ ಬಲೆ ತಡೆದು ಹಿಡಿಯಿತು. ಅನಂತರ ಅದರ ಕಟ್ಟುಗಳು ಒಂದಾದ ಮೇಲೊಂದು ಹರಿಯತೊಡಗಿದವು. ಸೇತುವೆಯ ಉದ್ದಕ್ಕೂ ಬಲೆ ಕಿತ್ತುಕೊಂಡು ಹೋಗಿ, ಅಟ್ಟಣೆಯೂ ಬಲೆಯೂ ಮನುಷ್ಯರೂ ಒಟ್ಟಿಗೆ ಜಲಸಂಧಿಗೆ ಬಿದ್ದರು. ಒಬ್ಬನು ಮಾತ್ರ ತೊಲೆಯೊಂದಕ್ಕೆ ಕೈಯಿಂದ ನೇತುಬಿದ್ದು, ಸಂಗಡಿಗರು ಬಂದು ಎತ್ತುವವರೆಗೆ ಹಾಗೆಯೇ ಇದ್ದನು. ಕೆಳಗೆ ಬಿದ್ದವರು ಹನ್ನೆರಡು. ಅವರಲ್ಲಿ ಬದುಕಿದವರು ಇಬ್ಬರು. ಅವರಲ್ಲೊಬ್ಬನಾದ ಸ್ಲಿಮ್ ಲ್ಯಾಂಬರ್ಟ್ ತಂಡದ ಮೇಸ್ತ್ರಿ. ಬಲೆಯ ಎಳೆಗಳು ಕಾಲಿಗೆ ಸುತ್ತಿಕೊಂಡು ನೀರಿನಾಳಕ್ಕೆ ಹೋಗಿ, ಬಿಡಿಸಿಕೊಂಡು ಮೇಲೆ ಬಂದು, ಮುರಿದ ಎಲುಬುಗಳೊಡನೆ ಇನ್ನೊಬ್ಬ ಸಂಗಡಿಗನನ್ನು ತೇಲಿಸಿ ಹಿಡಿದಿದ್ದನು. ಏಡಿ ಹಿಡಿಯುವ ದೋಣಿಯೊಂದು ಬಂದು ಅವರನ್ನು ಎತ್ತಿಕೊಂಡಿತು. ಸಂಗಡಿಗನ ಪ್ರಾಣ ಉಳಿಯಲಿಲ್ಲ.

ಒಂದೇ ಬೆಳಗಿನಲ್ಲಿ ಹತ್ತು ಮಂದಿ! ಮೊದಲಿನ ಒಬ್ಬನನ್ನೂ ಸೇರಿಸಿ ಹನ್ನೊಂದು ಹೆಸರುಗಳ ಫಲಕ ಇಂದಿಗೂ ಆ ಸೇತುವೆಯ ಮೇಲಿದೆ.

ಬಲೆ ಸೋತಿತೆಂದು ಹೇಳಬಹುದೇ? ಹತ್ತೊಂಬತ್ತು ಮನೆಗಳವರು ಹಾಗೆ ಹೇಳಲಾರರು. ಬಲೆಯನ್ನು ಹೆಣೆದುದು ಮನುಷ್ಯನ ತೂಕಕ್ಕೆ; ಬಿದ್ದುದು ಐದು ಟನ್ನು. ಮನುಷ್ಯನು ಅಟ್ಟಣೆಯಿಂದ ಬೀಳುವ ಸಂಭವವನ್ನು ಲೆಕ್ಕ ಹಾಕಿದ್ದರು. ಅಟ್ಟಣೆಯೇ ಬೀಳುವ ಸಂಭವದ ಲೆಕ್ಕ ತಪ್ಪಿಹೋಗಿದ್ದಿತು. ನಾಲ್ಕು ವರ್ಷ ಕಾಪಾಡಿದ ಏರ್ಪಾಡಿನ ಒಳಗೇ ಒಂದು ಹೊಸ ಕೆಲಸ, ಒಂದು ಹೊಸ ಭಾರ ಸದ್ದಿಲ್ಲದೆ ಬಂದು ಸೇರಿಕೊಂಡಿದ್ದಿತು. ಎತ್ತರದ ಕೆಲಸದ ಯೋಜನೆಯನ್ನು ಒಮ್ಮೆ ಬರೆದು ಬೀರುವಿನಲ್ಲಿಟ್ಟರೆ ಸಾಲದು, ಕೆಲಸದ ಬಗೆ ಬದಲಾದಾಗಲೆಲ್ಲ ತೆಗೆದು ತಿದ್ದಬೇಕೆಂದು ಇಂದಿನ ಎಂಜಿನಿಯರುಗಳು ಒತ್ತಿ ಹೇಳುವುದು ಈ ಕಾರಣದಿಂದಲೇ. ಈಗಿನ ಅಮೆರಿಕದ ನಿಯಮದಲ್ಲಿ ಬಲೆಯ ಕಣ್ಣು ಆರಂಗುಲಕ್ಕಿಂತ ಅಗಲವಿರಕೂಡದು. 1936ರ ಅಳತೆಯೇ ಉಳಿದುಬಂದಿದೆ. ಅದರ ಜೊತೆಗೆ, ಕಟ್ಟಿದ ಬಲೆಯನ್ನು 400 ಪೌಂಡು ತೂಕದ ಮರಳಿನ ಚೀಲವನ್ನು ಬೀಳಿಸಿ ಪರೀಕ್ಷಿಸಬೇಕು. ಕೆಲಸದ ಮಟ್ಟದಿಂದ ಮೂವತ್ತು ಅಡಿಗಿಂತ ಕೆಳಗೆ ಕಟ್ಟಕೂಡದು. ಬಲೆಗೆ ಬಿದ್ದ ಮರದ ಚೂರು, ಕಬ್ಬಿಣದ ತುಂಡುಗಳನ್ನು ತೆಗೆಯುತ್ತಿರಬೇಕು.

ಯೋಜನೆಯೆಂದರೆ ಏನು?

ಯೋಜನೆಯೆಂದರೆ ಹಗ್ಗ, ಟೋಪಿಗಳ ಖರೀದಿಪಟ್ಟಿಯೆಂದು ಭಾವಿಸುವವರು ಹೆಚ್ಚು. ನಿಜವಾದ ಯೋಜನೆ ಒಂದು ಪ್ರಶ್ನೆಯಿಂದ ಹೊರಡುತ್ತದೆ: ಈ ಕೆಲಸವನ್ನು ಎತ್ತರದಲ್ಲಿಯೇ ಮಾಡಬೇಕೇ? ಕಿಟಕಿಯ ಚೌಕಟ್ಟಿಗೆ ಬಣ್ಣವನ್ನು ನೆಲದ ಮೇಲೆಯೇ ಬಳಿದು ಆಮೇಲೆ ಏರಿಸಿ ಕೂರಿಸಬಹುದಾದರೆ ಹಗ್ಗದ ಮಾತೇ ಇಲ್ಲ. ಹತ್ತಲೇಬೇಕಾದರೆ ಬೀಳದಂತೆ ತಡೆ ಇರಬೇಕು: ಅಂಚಿಗೆ ಸುಮಾರು ಮೂರೂವರೆ ಅಡಿ ಎತ್ತರದ ಕಂಬಿ, ನಡುವೆ ಇನ್ನೊಂದು ಕಂಬಿ, ಸಾಮಾನು ಉರುಳಿ ಕೆಳಗಿನವರ ತಲೆಗೆ ಬೀಳದಂತೆ ಕಾಲ ಬಳಿ ಹಲಗೆ; ಲಿಫ್ಟಿಗೆಂದು ಬಿಟ್ಟ ಬಾವಿಗೆ, ತಾರಸಿಯ ತೂತುಗಳಿಗೆ ಕದಲದ ಮುಚ್ಚಳ. ಇದೂ ಸಾಧ್ಯವಾಗದೆಡೆಯಲ್ಲಿ ಮಾತ್ರ ಬಲೆ ಅಥವಾ ಹಗ್ಗ. ಏಕೆಂದರೆ ಕಂಬಿ ಎಲ್ಲರನ್ನೂ ತಾನಾಗಿ ಕಾಯುತ್ತದೆ. ಹಗ್ಗವಾದರೋ ಕೊಂಡಿಯನ್ನು ಸಿಕ್ಕಿಸಲು ನೆನಪಿಟ್ಟುಕೊಂಡವನನ್ನು ಮಾತ್ರ ಕಾಯುತ್ತದೆ.

ಆಮೇಲಿನ ಪ್ರಶ್ನೆ, ಹಗ್ಗವನ್ನು ಯಾವುದಕ್ಕೆ ಕಟ್ಟುವುದು? ಒಬ್ಬನ ಹಗ್ಗದ ಆಧಾರ 5,000 ಪೌಂಡು, ಎಂದರೆ ಎರಡು ಟನ್ನಿಗೂ ಮಿಗಿಲಾದ ಜಗ್ಗನ್ನು ತಾಳಬೇಕೆಂದು ಅಮೆರಿಕದ ನಿಯಮ. ನೀರಿನ ಕೊಳವೆಗೆ, ಬಾಲ್ಕನಿಯ ಹಳೆಯ ಕಂಬಿಗೆ ಕಟ್ಟಿದ ಹಗ್ಗ ಹಗ್ಗವಲ್ಲ. ತಾನು ನಿಂತಿರುವ ಅಟ್ಟಣೆಗೇ ಹಗ್ಗ ಕಟ್ಟಿಕೊಂಡವನ ಗತಿಯನ್ನು ಫೆಬ್ರವರಿ 17ರ ಕತೆಯನ್ನು ಓದಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಗ್ಗ ಹಿಡಿಯಿತೆನ್ನೋಣ, ಅಲ್ಲಿಗೆ ಕೆಲಸ ಮುಗಿಯಲಿಲ್ಲ. ಹಾರ್ನೆಸ್ಸಿನಲ್ಲಿ ಅಲುಗಾಡದೆ ತೂಗುಬಿದ್ದವನ ಕಾಲುಗಳಲ್ಲಿ ರಕ್ತ ನಿಲ್ಲುತ್ತದೆ. ತೊಡೆಯ ಪಟ್ಟಿಗಳು ಅದನ್ನು ಮೇಲೆ ಬರಲು ಬಿಡುವುದಿಲ್ಲ. ಮಿದುಳಿಗೆ ರಕ್ತ ಸಾಲದೆ ಎಚ್ಚರ ತಪ್ಪುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಪ್ರಾಣಕ್ಕೇ ಸಂಚಕಾರ. ಆದುದರಿಂದ ಅವನನ್ನು ಕೆಲವೇ ನಿಮಿಷಗಳೊಳಗೆ ಇಳಿಸಬೇಕು. ಯಾರು ಇಳಿಸಬೇಕು, ಯಾವ ಏಣಿಯಿಂದ, ಏಣಿ ಎಲ್ಲಿದೆ ಎಂಬುದು ಅವನು ಹತ್ತುವ ಮೊದಲೇ ಬರೆದಿರಬೇಕು. ಯೋಜನೆಗಳಲ್ಲಿ ಸಾಮಾನ್ಯವಾಗಿ ಖಾಲಿ ಬಿಡುವ ಅಂಕಣ ಇದೇ.

ಗೋಲ್ಡನ್ ಗೇಟ್ ಬಹು ದೂರದ ಮಾತಾಯಿತೆಂದು ಓದುಗರು ಭಾವಿಸಬಾರದು. ಬೆಂಗಳೂರಿನ ಯಾವ ಬಡಾವಣೆಯಲ್ಲಿ ನಡೆದು ಹೋದರೂ ಸರ್ವೆಯ ಅಥವಾ ನೀಲಗಿರಿಯ ಗಳುಗಳನ್ನು ಹುರಿಯಿಂದ ಬಿಗಿದ ಸಾರುವೆ ಕಾಣುತ್ತದೆ. ಅದರ ಮೇಲೆ ಬರಿಗಾಲಿನಲ್ಲಿ ನಿಂತು ಗಾರೆ ಬಳಿಯುವವರು, ಬಹುಮಹಡಿ ಕಟ್ಟಡದ ಗೋಡೆಯ ಮೇಲೆ ಹಗ್ಗಕ್ಕೆ ಕಟ್ಟಿದ ಹಲಗೆಯಲ್ಲಿ ಕುಳಿತು ಬಣ್ಣ ಹಚ್ಚುವವರು ಕಾಣುತ್ತಾರೆ. ಭಾರತದಲ್ಲಿ ಕಾನೂನು ಇಲ್ಲದಿಲ್ಲ. 1996ರಲ್ಲಿ ಕಟ್ಟಡ ಕಾರ್ಮಿಕರಿಗಾಗಿಯೇ ಸಂಸತ್ತು ಕಾಯಿದೆ ಮಾಡಿತು. 1998ರ ಕೇಂದ್ರ ನಿಯಮಗಳು ಸಾರುವೆ, ಬಲೆ, ಸುರಕ್ಷಾಪಟ್ಟಿಗಳ ವಿಷಯವನ್ನು ವಿವರವಾಗಿ ಹೇಳಿದವು. ಆ ಕಾಯಿದೆಯ ವಿಷಯಗಳನ್ನು 2020ರ ಸಂಹಿತೆಯಲ್ಲಿ ಸೇರಿಸಿದರು. ಆದರೆ 1996ರ ಕಾಯಿದೆ ಹತ್ತು ಮಂದಿಗಿಂತ ಕಡಿಮೆ ಆಳುಗಳಿರುವ ಕೆಲಸವನ್ನೂ, ಹತ್ತು ಲಕ್ಷ ರೂಪಾಯಿ ಮೀರದ ಸ್ವಂತ ವಾಸದ ಮನೆಯನ್ನೂ ಹೊರಗಿಟ್ಟಿದ್ದಿತು. ದೀಪಾವಳಿಗೆ ಮೊದಲು ಮನೆಗೆ ಸುಣ್ಣ ಬಣ್ಣ ಮಾಡಿಸುವ ಗೃಹಸ್ಥನ ಅಂಗಳಕ್ಕೆ ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲ. ಆ ನಾಲ್ಕು ದಿನಗಳ ಮಟ್ಟಿಗೆ ಸ್ಟ್ರೌಸ್‌ನ ಕುರ್ಚಿಯಲ್ಲಿ ಕುಳಿತಿರುವವನು ಗೃಹಸ್ಥನೇ.

ಆತ ಎಂಜಿನಿಯರಿಂಗ್ ಓದಿರಬೇಕಾಗಿಲ್ಲ. ಏಣಿಯ ಬುಡ ಗೋಡೆಯಿಂದ ಎಷ್ಟು ದೂರವಿದೆಯೆಂದು ನೋಡಬಹುದು. ನಾಲ್ಕಡಿ ಎತ್ತರಕ್ಕೆ ಒಂದಡಿ ಸರಿಯಾದ ಅಳತೆ. ಏಣಿ ತಾರಸಿಯ ಅಂಚಿನಿಂದ ಮೂರಡಿ ಮೇಲಕ್ಕೆ ಚಾಚಿರಬೇಕು. ಇಲ್ಲವಾದರೆ ಹತ್ತಿದವನಿಗೆ ಇಳಿಯುವಾಗ ಹಿಡಿಯಲು ಏನೂ ಇರುವುದಿಲ್ಲ. ಹಿತ್ತಲ ಚಾವಣಿಗೆ ಹಳೆಯ ಸಿಮೆಂಟು ಶೀಟು ಹೊದಿಸಿದ್ದರೆ ಅದರ ಮೇಲೆ ನೇರವಾಗಿ ಕಾಲಿಡಕೂಡದೆಂದು ಹೇಳಬಹುದು; ಅದು ಗಟ್ಟಿಯಾಗಿ ಕಂಡು ಕಾಲಡಿಯಲ್ಲಿ ಒಡೆಯುವ ವಸ್ತು. ಹಲಗೆಯಲ್ಲಿ ಕುಳಿತು ಇಳಿಯುವವನಿಗೆ ಹಲಗೆಯ ಹಗ್ಗ ಬೇರೆ, ಪ್ರಾಣದ ಹಗ್ಗ ಬೇರೆ ಇದೆಯೇ, ಎರಡನ್ನೂ ಬೇರೆಬೇರೆ ಕಡೆ ಕಟ್ಟಿದ್ದಾರೆಯೇ ಎಂದು ತಾರಸಿಗೆ ಹೋಗಿ ನೋಡಬಹುದು.

"ನಮ್ಮ ಹುಡುಗರಿಗೆ ಅಭ್ಯಾಸವಾಗಿದೆ ಸ್ವಾಮಿ, ಏನೂ ಆಗೋಲ್ಲ" ಎಂಬುದು ಇಂಥ ಪ್ರಶ್ನೆಗೆ ಮೇಸ್ತ್ರಿಗಳ ವಾಡಿಕೆಯ ಉತ್ತರ. ಜಾಂಪಾನಿಗೂ ಅಭ್ಯಾಸವಾಗಿದ್ದಿತು. ಲೆಕ್ಕ ಕೊಡುವಾಗ ಬಣ್ಣಕ್ಕೆ ಇಷ್ಟು, ಕೂಲಿಗೆ ಇಷ್ಟು ಎಂದು ಮೇಸ್ತ್ರಿ ಬರೆಯುವ ಚೀಟಿಯಲ್ಲಿ ಹಗ್ಗಕ್ಕೂ ಪಟ್ಟಿಗೂ ಒಂದು ಸಾಲನ್ನು ಸೇರಿಸೆಂದು ಮನೆಯ ಯಜಮಾನರೇ ಹೇಳಿ, ಅದರ ಹಣವನ್ನು ಚೌಕಾಸಿಯಿಂದ ಹೊರಗಿಡಬಹುದು. ಹುಡುಗ ಹತ್ತುವುದಕ್ಕೆ ಮೊದಲು ಇನ್ನೂ ಒಂದು ಮಾತನ್ನು ಮೇಸ್ತ್ರಿಯಿಂದ ಕೇಳಿ ತಿಳಿಯಬೇಕು: ಅವನು ಹಗ್ಗದಲ್ಲಿ ತೂಗುಬಿದ್ದರೆ ಇಳಿಸುವವರು ಯಾರು, ಅದಕ್ಕೆ ಬೇಕಾದ ಏಣಿ ಈಗ ಎಲ್ಲಿದೆ?